ಯಜಮಾನರು ಬರತಕ್ಕದ್ದು

ಕಳೆದ ಗುರುವಾರ ಸಂಜೆ ಯಾದವಗಿರಿಯ ನಮ್ಮ ಮನೆಯ ಗೇಟಿನ ಮುಂದೆ ಒಂದು ಜಟಕಾ ಬಂದು ನಿಂತಿತು.

ಜಟಕಾ ನಿಂತಿತೆಂದರೆ ಏನರ್ಥ? ನೆಂಟರು ಬಂದರು ಎಂದು. ನಾನು ಪೆದ್ದಿಯ ಹಾಗೆ ಸೆರಗು ಸರಿಮಾಡಿಕೊಂಡು, ಕಾಫಿಗೆ ಹಾಲು ಸಾಕಾಗುತ್ತದೋ ಇಲ್ಲವೋ ಎಂದು ಯೋಚಿಸುತ್ತಲೇ ಬಾಗಿಲಿಗೆ ಓಡಿದೆ. ಇಳಿದವರು ನೆಂಟರಲ್ಲ, ರೇಡಿಯೋ ಅಂಗಡಿಯ ಶಿವಣ್ಣ. ಬಂದದ್ದು ನನ್ನ ರೇಡಿಯೋವನ್ನು ಹೊತ್ತುಕೊಂಡು ಹೋಗಲು.

(‘ನನ್ನ ರೇಡಿಯೋ’ ಎಂದೆನಲ್ಲ, ಕಾನೂನಿನ ಪ್ರಕಾರ ಅದು ಸುಳ್ಳು. ಆ ಸಂಜೆಯವರೆಗೂ ಅದು ನನ್ನದಾಗಿರಲಿಲ್ಲ. ಹೇಗೆಂದು ಹೇಳುತ್ತೇನೆ.)

ಈ ಅಂಕಣವನ್ನು ಓದುತ್ತ ಬಂದವರಿಗೆ ನನ್ನ ಸಂಸಾರ ಗೊತ್ತೇ ಇದೆ. ಯಜಮಾನರು ತೀರಿಕೊಂಡು ಬಹಳ ವರ್ಷಗಳಾದವು. ಮಕ್ಕಳಿಲ್ಲ. ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಟೀಚರ್ ಕೆಲಸ. ಹಗಲೆಲ್ಲ ‘ಮಿಸ್, ಮಿಸ್’ ಎಂದು ಸೆರಗು ಜಗ್ಗುವವರಿಗೆ ಬರವಿಲ್ಲ. ಸಂಜೆ ಬೀಗ ತೆಗೆದು ಒಳಗೆ ಬಂದರೆ ಬೆಳಿಗ್ಗೆ ಇಟ್ಟ ಲೋಟ ಇಟ್ಟ ಕಡೆಯೇ ಇರುತ್ತದೆ. ಒಂಟಿ ಮನೆಯ ಸಂಕಟವೇ ಅದು. ಯಾರೂ ಏನನ್ನೂ ಆಚೆಈಚೆ ಮಾಡಿರುವುದಿಲ್ಲ.

ಅದಕ್ಕೇ ಹೋದ ವರ್ಷ ದೇವರಾಜ ಮೊಹಲ್ಲಾದ ಒಂದು ಅಂಗಡಿಗೆ ಹೋದೆ. ಮನೆಯಲ್ಲಿ ಇನ್ನೊಂದು ದನಿ ಬೇಕಿತ್ತು, ಅಷ್ಟೆ. ಅಂಗಡಿಯವರು ಹಣೆಗೆ ವಿಭೂತಿ ಹಚ್ಚಿಕೊಂಡ ದೊಡ್ಡ ಮಾತುಗಾರರು. ರೇಡಿಯೋ ಹಾಕಿ ತೋರಿಸಿದರು, ಕಂತಿನ ಮೇಲೆ ಕೊಡುತ್ತೇವೆ ಎಂದರು, ಕರಾರು ಪತ್ರ ಮುಂದಿಟ್ಟರು.

“ಇಲ್ಲಿ ನಿಮ್ಮ ಯಜಮಾನ್ರ ಸೈನು ಬೇಕಲ್ಲಮ್ಮ?”

“ಯಜಮಾನರಿಲ್ಲ.”

“ಊರಲ್ಲಿಲ್ವಾ? ಬಂದ್ಮೇಲೆ ಹಾಕ್ಸಿ, ಅವಸರ ಏನಿಲ್ಲ.”

“ವಾಪಸ್ ಬರೋ ಊರಿಗೆ ಹೋಗಿಲ್ಲ ಸ್ವಾಮಿ.”

ಪಾಪ, ಕೈ ಕೈ ಹಿಸುಕಿಕೊಂಡರು. ಆದರೆ ವ್ಯಾಪಾರಸ್ಥರು ನೋಡಿ, ಸುಧಾರಿಸಿಕೊಳ್ಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ. “ಹಂಗಾದ್ರೆ ಅಣ್ಣನೋ ತಮ್ಮನೋ, ಯಾರಾದ್ರೂ ಒಬ್ಬ ಗಂಡಸರು...” ಎಂದು ಶುರುಮಾಡಿದರು.

ನನಗೆ ರೇಗಿತು. “ಸಂಬಳ ನನ್ನದು, ಕಂತು ಕಟ್ಟೋಳು ನಾನು, ಕೇಳೋ ಕಿವಿ ನನ್ನದು. ಸಹಿ ಮಾತ್ರ ಗಂಡಸಿನದೋ?” ಎಂದೆ. ಅಂಗಡಿಯಲ್ಲಿದ್ದ ನಾಲ್ಕು ಜನ ತಿರುಗಿ ನೋಡಿದರು. “ಆಯ್ತು ಬುಡಿ, ಟೀಚರಮ್ಮ ಅಂದ್ಮೇಲೆ ಇನ್ನೇನು” ಎಂದು ಪೆನ್ನನ್ನು ನನ್ನ ಕಡೆಗೇ ತಿರುಗಿಸಿದರು.

ನಾವು ಎಂಥ ಜನ ನೋಡಿ. ಮಾರ್ಕೆಟ್ಟಿನಲ್ಲಿ ತುದಿ ಮುರಿದು ನೋಡದೆ ಬೆಂಡೆಕಾಯಿ ಕೊಳ್ಳುವುದಿಲ್ಲ. ಸೀರೆಯ ಅಂಚನ್ನು ಬೆಳಕಿಗೆ ಹಿಡಿಯದೆ ದುಡ್ಡು ಬಿಚ್ಚುವುದಿಲ್ಲ. ಕರಾರು ಪತ್ರ ಕೊಟ್ಟರೆ ಮಾತ್ರ ‘ಎಲ್ಲಿ ಹಾಕಬೇಕು?’ ಎಂದು ಕೇಳಿ ಸಹಿ ಗೀಚಿಬಿಡುತ್ತೇವೆ. ನಾನು ಹಾಗಲ್ಲ, ಪೂರ್ತಿ ಓದಿದೆ. (ಜನ್ಮವಿಡೀ ಕಾಂಪೋಜಿಷನ್ ತಿದ್ದಿದವಳು, ಕಾಗದ ಕಂಡರೆ ಓದದಿರಲು ಸಾಧ್ಯವೇ?) ಓದುತ್ತ ಓದುತ್ತ ಒಂದು ಕಡೆ ನಿಂತುಬಿಟ್ಟೆ.

‘ಯಜಮಾನರು ತಿಂಗಳಿಗೊಮ್ಮೆ ಮನೆಗೆ ಬರತಕ್ಕದ್ದು.’

ಇದೇನು ಗಂಡಂದಿರಿಗಾಗಿ ಬರೆದ ಪತ್ರವೇ? “ನೋಡಿ, ಮತ್ತೆ ಯಜಮಾನರು ಅಂತಿದೆ. ನನ್ನವರು ಹೇಗೆ ಬರಬೇಕು?” ಎಂದು ಕೇಳಿಯೇಬಿಟ್ಟೆ.

“ಅಯ್ಯೋ, ಅದು ನಾವು ಕಣಮ್ಮ!” ಎಂದು ಅವರು ನಕ್ಕರು. “ಕಡೇ ಕಂತು ಕಟ್ಟೋಗಂಟ ರೇಡಿಯೋ ಯಜಮಾನ್ರು ಅಂಗಡಿಯೋರು. ನೀವು ಬಾಡಿಗೆದಾರರು. ಸೆಟ್ಟು ಸರಿಯಾಗಿ ಮಡಗಿದ್ದೀರಾ ಅಂತ ನಮ್ಮೋರು ಬಂದು ನೋಡ್ಕೊಂಡು ಹೋಗ್ತಾರೆ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಬರುವಾಗ ದಾರಿಯುದ್ದಕ್ಕೂ ಆ ಸಾಲು ಕಿವಿಯಲ್ಲಿತ್ತು. ತಿಂಗಳಿಗೊಮ್ಮೆ ಮನೆಗೆ ಬರತಕ್ಕದ್ದು. ನನಗೆ ಅಂಥ ಮಾತನ್ನು ಬರೆದುಕೊಟ್ಟವರು ಇನ್ನು ಯಾರಿದ್ದಾರೆ?

ಬರತಕ್ಕವರು ಬಂದರು. ಅವರೇ ಶಿವಣ್ಣ. ಲಷ್ಕರ್ ಮೊಹಲ್ಲಾದ ಕಡೆಯವರು, ನನ್ನದೇ ವಯಸ್ಸು, ಹಳೆಯ ಸೈಕಲ್ಲು. ಒಳಗೆ ಬಂದು ನೋಡುವ ಹಕ್ಕು ಕರಾರಿನಲ್ಲೇ ಇದೆ. ಆದರೆ ಹೆಂಗಸೊಬ್ಬಳೇ ಇರುವ ಮನೆ ಎಂದು ಅವರು ಹೊಸ್ತಿಲು ದಾಟಲಿಲ್ಲ. ವೆರಾಂಡದ ಬೆಂಚಿನ ಮೇಲೆ ಕೂತು, “ಅಲ್ಲಿಂದ್ಲೇ ಆಕ್ಬುಡಿ ಅಮ್ಮಾವ್ರೇ, ನಾನಿಲ್ಲಿಂದ್ಲೇ ಕೇಳ್ಕತೀನಿ” ಎಂದರು. ಕಣ್ಣಿನಿಂದ ಮಾಡಬೇಕಾದ ತಪಾಸಣೆಯನ್ನು ಕಿವಿಯಿಂದ ಮಾಡಿದರು.

ಗುಂಡಿ ತಿರುಗಿಸಿದರೆ ನಮ್ಮ ರೇಡಿಯೋ ತಕ್ಷಣ ಮಾತಾಡುವುದಿಲ್ಲ, ವಾಲ್ವ್ ಬಿಸಿಯಾಗಬೇಕು. ಆ ಹೊತ್ತಿನಲ್ಲಿ ಅವರು “ಎಂಗದೆ ಅಮ್ಮಾವ್ರೇ?” ಎಂದು ಕೇಳಿದರು. “ಮಂಡಿ ನೋವು ಸ್ವಲ್ಪ ಪರವಾಗಿಲ್ಲ” ಎಂದೆ. ಅವರು ಕೇಳಿದ್ದು ರೇಡಿಯೋವನ್ನು!

ನಾಚಿಕೆಯಾಯಿತು. ಆದರೆ ಆಮೇಲಿನ ತಿಂಗಳುಗಳಲ್ಲಿ ಅವರು ಮಂಡಿಯನ್ನು ಮೊದಲು ವಿಚಾರಿಸಿ ರೇಡಿಯೋವನ್ನು ನಂತರ ವಿಚಾರಿಸಿದರು. ನಾನು ಕಾಫಿ ಕೊಟ್ಟೆ. ಅವರು ಮಗಳ ಬಾಣಂತನದ ಸುದ್ದಿ ಹೇಳಿದರು. ಕಾಫಿ ಮುಗಿದರೂ ಹಾಡು ಮುಗಿಯುವವರೆಗೆ ಕೂತಿರುತ್ತಿದ್ದರು. ಹೋಗುವಾಗ “ಬತ್ತೀನಿ ಅಮ್ಮಾವ್ರೇ” ಎನ್ನುತ್ತಿದ್ದರು. ಮುಂದಿನ ತಿಂಗಳು ಬರುತ್ತಲೂ ಇದ್ದರು.

ರೇಡಿಯೋದಿಂದ ಉಪಕಾರವಾಗಲಿಲ್ಲವೆಂದು ಹೇಳಲಾರೆ. ವಾರ್ತೆ ಓದುವವರು ‘ನಮಸ್ಕಾರ’ ಎಂದರೆ ನಾನೂ ‘ನಮಸ್ಕಾರ’ ಎನ್ನುತ್ತೇನೆ. (ನಗಬೇಡಿ. ನೀವೂ ಒಂದು ವರ್ಷ ಒಬ್ಬರೇ ಇದ್ದು ನೋಡಿ.) ಆದರೆ ರೇಡಿಯೋ ಹೇಳುತ್ತದೆ, ಕೇಳುವುದಿಲ್ಲ. ಊಟ ಆಯಿತೇ ಎಂದು ಅದು ಒಂದು ದಿನವೂ ಕೇಳಲಿಲ್ಲ.

ದಸರಾ ಕಳೆದ ಮೇಲೆ ಅದು ಹೇಳುವುದನ್ನೂ ನಿಲ್ಲಿಸಿತು. ಅಂಗಡಿಗೆ ಹೋದೆ. “ರಿಪೇರಿ ಬಾಡಿಗೆದಾರರ ಜವಾಬ್ದಾರಿ, ಕರಾರಿನಲ್ಲೇ ಇದೆ ನೋಡಿ” ಎಂದರು ಅಂಗಡಿಯವರು. ಇದ್ದದ್ದೇನೋ ನಿಜ. ಹಾಗಾದರೆ ಹೊತ್ತುಕೊಂಡು ಹೋಗುವಾಗ ಅವರು ಯಜಮಾನರು, ಕೆಟ್ಟಾಗ ನಾನು ಯಜಮಾನಿಯೋ? ಪೋಸ್ಟಾಫೀಸಿನಲ್ಲಿ ರೇಡಿಯೋ ಇಟ್ಟುಕೊಳ್ಳುವ ಲೈಸೆನ್ಸ್ ನನ್ನ ಹೆಸರಿನಲ್ಲಿ, ಸೆಟ್ಟು ಅವರ ಹೆಸರಿನಲ್ಲಿ, ರಿಪೇರಿ ಮತ್ತೆ ನನ್ನ ಹೆಸರಿನಲ್ಲಿ!

“ಸ್ವಾಮಿ, ಬಾಡಿಗೆ ಮನೆ ಸೋರಿದರೆ ಹೆಂಚು ಯಾರು ಹೊದಿಸ್ತಾರೆ?” ಎಂದು ಕೇಳಿದೆ.

“ಮನೆ ಯಜಮಾನ್ರು...” ಎಂದು ಬಾಯಿತಪ್ಪಿ ಹೇಳಿ ನಾಲಿಗೆ ಕಚ್ಚಿಕೊಂಡರು. ಹೊಸ ವಾಲ್ವನ್ನು ತಮ್ಮ ಖರ್ಚಿನಲ್ಲೇ ಹಾಕಿಕೊಟ್ಟರು. ಕರಾರಿನಲ್ಲಿ ಇರುವುದೆಲ್ಲ ನ್ಯಾಯವಲ್ಲ. ಕೇಳಿದರೆ ಎಷ್ಟೋ ಸಲ ನಡೆಯುತ್ತದೆ. ಕೇಳದವರ ಗತಿ ಏನೆಂದು ಮಾತ್ರ ನನಗೆ ಗೊತ್ತಿಲ್ಲ.

ಇಷ್ಟೆಲ್ಲ ಜೋರು ಮಾಡುವ ನಾನು ಕೊನೆಯ ಕಂತನ್ನು ಕಟ್ಟಲಿಲ್ಲ. ದುಡ್ಡು ಇತ್ತು, ದೇವರ ಮನೆಯ ಗೂಡಿನಲ್ಲಿ ಎತ್ತಿಟ್ಟಿದ್ದೆ. ಅದನ್ನು ಕಟ್ಟಿದರೆ ರೇಡಿಯೋ ನನ್ನದಾಗುತ್ತದೆ. ನನ್ನದಾದರೆ ಶಿವಣ್ಣ ಏಕೆ ಬರಬೇಕು? ಕಟ್ಟದಿದ್ದರೆ ‘ಯಾಕಮ್ಮ ಕಟ್ಟಿಲ್ಲ’ ಎಂದು ಕೇಳುವುದಕ್ಕಾದರೂ ಬರುತ್ತಾರಲ್ಲ ಎಂದುಕೊಂಡೆ. ಒಂದು ಕಂತು ತಪ್ಪಿದರೂ, ಅದು ಕೊನೆಯದೇ ಆದರೂ, ಸೆಟ್ಟನ್ನೂ ಹೊರುತ್ತಾರೆ, ಕಟ್ಟಿದ್ದನ್ನೂ ಹಿಂದಿರುಗಿಸುವುದಿಲ್ಲ ಎಂಬುದು ಅದೇ ಪತ್ರದಲ್ಲಿತ್ತು. ಓದಿಯೂ ಇದ್ದೆ. ಓದಿದವರು ಮಾಡುವ ಕೆಲಸವೇ ಇದು?

ಶಿವಣ್ಣ ಬಂದರು, ಜಟಕಾದ ಜೊತೆಗೆ.

“ಯಜಮಾನ್ರು ದುಡ್ಡಿಲ್ಲಾಂದ್ರೆ ಸೆಟ್ಟು ತಕ್ಕಂಡು ಬಾ ಅಂದವ್ರೆ ಅಮ್ಮಾವ್ರೇ. ನಾನೇನ್ ಮಾಡ್ಲಿ?” ತಲೆ ತಗ್ಗಿಸಿದ್ದರು. ರೇಡಿಯೋ ಎತ್ತಬೇಕಾದರೆ ಒಳಗೆ ಬರಲೇಬೇಕು. ಚಪ್ಪಲಿ ಬಿಟ್ಟರು, ಹೊಸ್ತಿಲ ತನಕ ಬಂದರು, ಅಲ್ಲೇ ನಿಂತರು. “ದುಡ್ಡಿಗೆ ತೊಂದ್ರೆ ಆಗಿದ್ರೆ ಒಂದು ಮಾತು ಏಳ್ಬಾರ್ದಾ? ಎಂಗಾದ್ರೂ ಮಾಡಿ ನಾನೇ ಕಟ್ಬುಡ್ತಿದ್ದೆ.”

ಒಳಗೆ ಹೋಗಿ ದುಡ್ಡು ತಂದು ಕೈಗಿಟ್ಟೆ.

“ದುಡ್ಡು ಮಡೀಕಂಡೂ ಕಟ್ನಿಲ್ವಾ? ಯಾಕಮ್ಮ?”

“ಮರೆತುಹೋಗಿತ್ತು” ಎಂದೆ. ಬೇರೆ ಏನೆಂದು ಹೇಳಲಿ? ‘ನೀವು ಬರಲಿ ಅಂತ’ ಎಂದು ಹೇಳಲು ಯಾವ ಹೆಂಗಸಿಗೆ ಬಾಯಿ ಬರುತ್ತದೆ?

ಅವರ ಮುಖ ಅರಳಿತು. ರಸೀದಿ ಬರೆದುಕೊಟ್ಟು, “ಇನ್ಮೇಲೆ ಯಾರೂ ನಿಮ್ಮನ್ನ ಕೇಳೋ ಅಂಗಿಲ್ಲ. ನೀವೇ ಯಜಮಾನ್ರು ಕಣಮ್ಮ” ಎಂದರು. ಕಾಫಿ ಬೇಡವೆಂದರು, ಜಟಕಾ ಕಾಯುತ್ತಿತ್ತು. (ಅದರ ಬಾಡಿಗೆಯನ್ನೂ ನಾನೇ ಕೊಟ್ಟೆ. ಅದೂ ಕರಾರಿನಲ್ಲಿತ್ತು.) ಹತ್ತಿ ಕೂತು, ಎಂದಿನ ಹಾಗೆ “ಬತ್ತೀನಿ ಅಮ್ಮಾವ್ರೇ” ಎಂದರು.

ನಮ್ಮಲ್ಲಿ ಹೋಗುವವರೂ ಹಾಗೇ ಅನ್ನುತ್ತಾರೆ. ‘ಹೋಗ್ತೀನಿ’ ಎನ್ನುವುದು ಒಳ್ಳೆಯದಲ್ಲವಲ್ಲ. ಆ ಮಾತಿಗೆ ಸ್ಟಾಂಪಿಲ್ಲ, ಸಹಿಯಿಲ್ಲ. ನಡೆಸದಿದ್ದರೆ ಯಾರೂ ಯಾರ ಮೇಲೂ ದಾವಾ ಹೂಡುವಂತಿಲ್ಲ.

ಇದನ್ನು ಬರೆಯುತ್ತಿರುವಾಗ ಪಕ್ಕದಲ್ಲಿ ರೇಡಿಯೋ ಹಾಡುತ್ತಿದೆ. ಪೂರ್ತಿ ನನ್ನದು, ರಸೀದಿಯೂ ಇದೆ. ವೆರಾಂಡದ ಬೆಂಚು ಖಾಲಿ.

ಯಜಮಾನಿಯೇನೋ ಆದೆ, ಇನ್ನು ಈ ಮನೆಗೆ ಯಾರು ಬರತಕ್ಕದ್ದು?