ಗುಟ್ಟಿಲ್ಲದ ಖೋಖೋ

ಕೊಳ್ಳೇಗಾಲದ ಹೈಸ್ಕೂಲೊಂದರಲ್ಲಿ ನಾನು ಪಿ.ಟಿ. ಟೀಚರ್. ಬೇಸಿಗೆ ರಜೆ ಬಂತೆಂದರೆ ತವರೂರು ಲೊಕ್ಕನಹಳ್ಳಿಗೆ ಹೋಗಿ ಅಲ್ಲಿನ ಹೆಣ್ಣುಮಕ್ಕಳಿಗೆ ಖೋಖೋ ಆಡಿಸುತ್ತೇನೆ. ಮೊದಲ ವರ್ಷ ಶಿಬಿರ ಶುರುವಾದ ದಿನವೇ ಮಕ್ಕಳನ್ನು ಕೂರಿಸಿಕೊಂಡು ಹೇಳಿದೆ: ದೊಡ್ಡವರು ಯಾರೇ ಆಗಲಿ, ಒಂದು ಮಗುವಿನ ಜೊತೆ ಒಬ್ಬರೇ ಬಾಗಿಲು ಹಾಕಿಕೊಂಡು ಇರುವಂತಿಲ್ಲ. ಯಾರಾದರೂ ‘ಯಾರಿಗೂ ಹೇಳಬೇಡ’ ಅಂದರೆ, ಅದನ್ನೇ ಮೊದಲು ಬಂದು ಹೇಳಬೇಕು.

“ನಿಮ್ಗೂ ಅದೇ ರೂಲ್ಸಾ ಮಿಸ್?” ಎಂದಳು ಒಬ್ಬಳು.

“ನಂಗೂ ಅದೇಯ.”

ಅಷ್ಟು ಸಾಕಾಯಿತು ಅವರಿಗೆ. ಮಂಡಿ ತರಚಿಕೊಂಡ ಪುಟ್ಟಿಯೊಬ್ಬಳಿಗೆ ಔಷಧಿ ಹಚ್ಚಲು ಶಾಲೆಯ ಕೋಣೆಗೆ ಕರೆದುಕೊಂಡು ಹೋದಾಗ ಗಾಳಿಗೆ ಬಾಗಿಲು ಮುಚ್ಚಿಕೊಂಡಿತು. ಹೊರಗಿನಿಂದ ಇಡೀ ತಂಡ, “ಮಿಸ್, ಬಾಗ್ಲೂ!” ಎಂದು ಕೂಗಿತು. ನಾನು ನಗುತ್ತಾ ಎದ್ದು ಬಾಗಿಲಿಗೆ ಇಟ್ಟಿಗೆ ಅಡ್ಡ ಇಟ್ಟೆ.

ಕೆಲವು ದಿನಗಳಾದ ಮೇಲೆ, ಓಟ ಕಲಿಸುತ್ತೇನೆಂದು ಪೇಟೆಯಿಂದ ಕೋಚ್ ಒಬ್ಬ ಬಂದ. ನಗುನಗುತ್ತಾ ಮಾತಾಡುತ್ತಿದ್ದ, ಮಕ್ಕಳಿಗೆ ಚಾಕೊಲೇಟ್ ತರುತ್ತಿದ್ದ, ಊರಿನವರಿಗೆಲ್ಲ ಹಿಡಿಸಿದ್ದ. ನಮ್ಮ ತಂಡದಲ್ಲಿ ಎಲ್ಲರಿಗಿಂತ ಚುರುಕಾಗಿ ಓಡುವ ಹುಡುಗಿಯೊಬ್ಬಳಿದ್ದಳು. ಒಂದು ಬೆಳಿಗ್ಗೆ ಅವನು ಅವಳನ್ನು ಪಕ್ಕಕ್ಕೆ ಕರೆದು ಏನೋ ಹೇಳಿದ. ಅವಳು ಅಲ್ಲಿಂದ ನೇರ ನನ್ನ ಬಳಿಗೆ ಓಡಿಬಂದಳು.

“ಮಿಸ್, ಭಾನ್ವಾರ ಒಬ್ಳೇ ಅವ್ರ ರೂಮ್‌ಗೆ ಬಾ ಅಂದ್ರು. ಸ್ಪೆಷಲ್ ಪ್ರಾಕ್ಟೀಸಂತೆ. ಯಾರ್ಗೂ ಏಳ್ಬ್ಯಾಡ ಅಂದ್ರು. ಅದ್ಕೇ ಏಳಕ್ ಬಂದೆ.”

“ಏಳಿದ್ದು ಒಳ್ಳೇದಾಯ್ತು ಕಣವ್ವ. ನಿಂದೇನೂ ತಪ್ಪಿಲ್ಲ” ಎಂದೆ.

ಕೋಚ್‌ನನ್ನು ಕೇಳಿದರೆ, “ಮಕ್ಳು ಏನೋ ಅಂತವೆ, ಬಿಡಿ ಮೇಡಂ” ಎಂದ. ನಾನು ಬಿಡಲಿಲ್ಲ. ಆಗಲೇ ಅವನನ್ನು ಮೈದಾನದಿಂದ ಕಳಿಸಿ, ಹುಡುಗಿಯ ತಾಯಿಗೆ ಹೇಳಿ, ಮಕ್ಕಳ ಸಹಾಯವಾಣಿಗೂ ತಿಳಿಸಿದೆ. ಸಹಾಯವಾಣಿಯವರು ಬಂದು, ತಾಯಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು ಹುಡುಗಿಯನ್ನು ಮೆಲ್ಲಗೆ ಮಾತಾಡಿಸಿದರು. ಸದ್ಯ, ವಿಷಯ ಮಾತು ದಾಟಿರಲಿಲ್ಲ. ಅವನು ಹೋಗುತ್ತಿದ್ದ ಬೇರೆ ಶಿಬಿರಗಳಿಗೂ ಅವರೇ ಸುದ್ದಿ ಮುಟ್ಟಿಸಿದರು.

ಮನೆಯವರು ಇನ್ನು ಮಕ್ಕಳನ್ನು ಕಳಿಸುವುದಿಲ್ಲವೇನೋ ಎಂಬ ಭಯ ನನಗೆ. ಆ ಸಂಜೆ ಶಾಲೆಯ ಮುಂದೆ ಊರಿನವರು ಸೇರಿದಾಗ ಹಿರಿಯರೊಬ್ಬರು, “ಎಣ್ಮಕ್ಳಿಗೆ ಆಟ ಯಾಕೆ? ನಿಲ್ಲಿಸ್ಬುಡಿ” ಎಂದೇಬಿಟ್ಟರು. ದನ ಕಟ್ಟಿಹಾಕಿ ಅದೇ ತಾನೇ ಬಂದಿದ್ದ ಹುಡುಗಿಯ ತಾಯಿ ಎದ್ದು ನಿಂತಳು.

“ಕೆಟ್ಟ ಬುದ್ಧಿ ಅವಂದು. ನನ್ ಮಗ್ಳು ಯಾಕ್ ಮನೇಲ್ ಕೂರ್ಬೇಕು? ನಾಳಿಂದ ನಾನೂ ಬಂದ್ ಕೂತ್ಕತೀನಿ ಬಯಲಲ್ಲಿ.”

ಮರುದಿನ ಅವಳು ಬಂದಳು. ಅವಳ ಹಿಂದೆ ಇನ್ನಷ್ಟು ತಾಯಂದಿರು ಬಂದರು. ಮೊದಮೊದಲು ಹೊಂಗೆ ನೆರಳಲ್ಲಿ ಹುಣಸೆಹಣ್ಣು ಬಿಡಿಸುತ್ತಾ ನೋಡುತ್ತಿದ್ದರು. ಆಮೇಲೆ ಒಬ್ಬಳಿಗೆ ತಡೆಯಲಾಗಲಿಲ್ಲ. “ಲೇ, ಅಂಗಲ್ಲ ಕಣೇ ಓಡೋದು!” ಎಂದು ಸೀರೆ ಎತ್ತಿಕಟ್ಟಿ ಕಣಕ್ಕಿಳಿದೇಬಿಟ್ಟಳು. ಅಲ್ಲಿಂದ ದಿನಾ ಅವರಿಗೂ ಒಂದಷ್ಟು ಹೊತ್ತು ಆಟ.

ಶಿಬಿರ ಮುಗಿಯುವ ದಿನ ತಾಯಂದಿರಿಗೂ ಹೆಣ್ಣುಮಕ್ಕಳಿಗೂ ಪಂದ್ಯ. ಬೇಡವೆಂದಿದ್ದ ಹಿರಿಯರೇ ಮುಂದಿನ ಸಾಲಲ್ಲಿ ಕುಳಿತು ಶಿಳ್ಳೆ ಹಾಕುತ್ತಿದ್ದರು. ನಮ್ಮ ಚುರುಕು ಹುಡುಗಿ ಎಲ್ಲರನ್ನೂ ತಪ್ಪಿಸಿ ತಪ್ಪಿಸಿ ಓಡಿದಳು. ಕೊನೆಗೆ ಅವಳ ತಾಯಿಯೇ ಕಂಬ ಸುತ್ತಿ ಬಂದು ಜಡೆಗೆ ಕೈ ಹಾಕಿದಳು.

“ಮೋಸ ಮಿಸ್! ಜಡೆ ಇಡ್ಕಂಡ್ಳು ನಮ್ಮವ್ವ!”

“ಮುಟ್ಟುದ್ರೆ ಔಟ್ ತಾನೆ? ಓಗ್ ಕೂತ್ಕೊ!”

ತೀರ್ಪು ಕೊಡಬೇಕಾದವಳು ನಾನು. ನಗು ತಡೆಯಲಾಗದೆ ಪೀಪಿ ಊದುವುದಕ್ಕೇ ಆಗಲಿಲ್ಲ.