ಎಲ್ಲಮ್ಮನ ಪಟದ ಹಿಂದಿನ ಗೋಡೆ

ಶರಣಮ್ಮ, ಆ ಗೋಡೆ ಒಳಗಿಂದ ಬೂಷ್ಟು ಹಿಡಿದಿತ್ತು. ನೀನು ಕುಂದಲಹಳ್ಳಿಯ ನಮ್ಮ ವಠಾರಕ್ಕೆ ಬಾಡಿಗೆಗೆ ಬರುವ ಮೊದಲೇ ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅದರ ಮೇಲೆ ಎಲ್ಲಮ್ಮನ ಪಟ ನೇತುಹಾಕಿದೆ — ಭಕ್ತಿಗಲ್ಲ, ಮುಚ್ಚುವುದಕ್ಕೆ.

ಏಳು ವರ್ಷವಾಯಿತು. ಇದನ್ನು ಬರೆಯಲು ಕೂತಾಗಲೆಲ್ಲ ಎದ್ದು ಓಡಾಡುತ್ತೇನೆ. ಈಗಲೂ ಎರಡು ಸಲ ಹೋಗಿ ಆ ಗೋಡೆಯ ಮೇಲೆ ಕೈಯಿಟ್ಟು ನೋಡಿ ಬಂದೆ.

ಅದರ ಆಚೆ ಬದಿಗೆ ಪಕ್ಕದ ರೂಮಿನ ಬಚ್ಚಲು. ಒಳಗೆಲ್ಲೋ ಪೈಪು ಒಡೆದಿತ್ತು. ಹಸು ಕಟ್ಟುತ್ತಿದ್ದ ಜಾಗದಲ್ಲಿ ನಮ್ಮ ಯಜಮಾನರು ಬಿಸಿಲಲ್ಲಿ ನಿಂತು ಕಟ್ಟಿಸಿದ ಆರು ರೂಮು ಅವು. ಅವುಗಳ ಮೇಲೆ ಯಾರಾದರೂ ಒಂದು ಮಾತು ಆಡಿದರೆ ನನಗೆ ಮೈಯೆಲ್ಲ ಉರಿ. ಬಾಡಿಗೆಯವರು ಬಿಟ್ಟುಹೋದಾಗಲೆಲ್ಲ ಕಪ್ಪು ಕೆರೆಸಿ, ಪುಟ್ಟಿ ಮೆತ್ತಿಸಿ, ಬಿಳಿ ಬಣ್ಣ ಬಳಿಸುತ್ತಿದ್ದೆ. ಹೊಸಬರು ಹಾಲುಕ್ಕಿಸುವ ದಿನ ಗೋಡೆ ಮದುವಣಗಿತ್ತಿ. ಮೂರು ತಿಂಗಳಿಗೆ ಬಣ್ಣ ಉಬ್ಬಿ ಉದುರುತ್ತಿತ್ತು.

ನಿನ್ನ ಭಾಗ್ಯಳಿಗೆ ಆಗ ನಾಲ್ಕು ವರ್ಷ. ಬಂದ ಎರಡನೇ ತಿಂಗಳಿಗೇ ಕೆಮ್ಮು, ಆಮೇಲೆ ಉಬ್ಬಸ. "ಅಕ್ಕಾರ, ಮನ್ಯಾಗ ಏನೋ ಮುಗ್ಗಲ ವಾಸನಿ ಬರ್ತದ್ರಿ," ಅಂದೆ ನೀನು. ನಾನು ಸಿಡುಕಿದೆ — "ವಾಸನೆ ಗೀಸನೆ ಏನೂ ಇಲ್ಲ ಕಣಮ್ಮ. ನಿಮ್ಮೂರ್ ಬಿಸಿಲಲ್ಲಿ ಬೆಳೆದ ಮಗು, ಇಲ್ಲಿ ಚಳಿಗೆ ಅಂಗೇ ಆಗೋದು." ಯಾದಗಿರಿ ಕಡೆಯಿಂದ ದುಡಿಯಲು ಬಂದವಳು ನೀನು, ಎದುರಾಡಲಿಲ್ಲ.

ಆದರೆ ಸುಮ್ಮನೆಯೂ ಕೂರಲಿಲ್ಲ. ವೈಟ್‌ಫೀಲ್ಡಿನ ಯಾವುದೋ ಕಂಪನಿಯಲ್ಲಿ ನೀನು ನೆಲ ಒರೆಸುತ್ತಿದ್ದೆಯಲ್ಲ, ಅಲ್ಲಿ ಗೋಡೆಗಳ ತೇವ ನೋಡುವ ಮೇಸ್ತ್ರಿಯನ್ನು ಕೇಳಿಕೊಂಡಿದ್ದೆ. ಶನಿವಾರ ನೀನು ಬಂದು ಹೇಳಿದೆ, ನಾಳೆ ಅವರು ಮೀಟರ್ ತಂದು ನೋಡುತ್ತಾರೆ ಎಂದು. "ಬರ್ಲಿ ಬಿಡು, ನಂಗೇನ್ ಭಯ?" ಅಂದೆ ನಾನು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗಿತ್ತು ನನಗೆ.

ಅವತ್ತು ಸಾಯಂಕಾಲವೇ ನಮ್ಮ ಮನೆಯ ದೊಡ್ಡ ಪಟ ಹೊತ್ತು ತಂದೆ. ನಿಮ್ಮ ಕಡೆಯವರಿಗೆ ಎಲ್ಲಮ್ಮ ಅಂದರೆ ಪ್ರಾಣ — ಅದು ಗೊತ್ತಿದ್ದೇ ತಂದೆ. ಬಣ್ಣ ಉಬ್ಬಿದ ಕಡೆಗೇ ಸರಿಯಾಗಿ ಮೊಳೆ ಹೊಡೆಸಿ, ಅರಿಶಿನ ಕುಂಕುಮ ಇಟ್ಟು, ದೀಪ ಹಚ್ಚಿದೆ. "ಮಗೂಗೆ ಒಳ್ಳೇದಾಗ್ಲಿ ಅಂತ ತಂದೆ ಕಣಮ್ಮ." ನೀನು ನನ್ನ ಕಾಲಿಗೆ ಬಿದ್ದೆ. ಅಯ್ಯೋ, ನಾನು ಕಾಲು ಹಿಂದಕ್ಕೆ ಎಳೆದುಕೊಳ್ಳಲೂ ಇಲ್ಲ.

ಮೇಸ್ತ್ರಿ ಮೂರು ಗೋಡೆಗೆ ಮೀಟರ್ ಒತ್ತಿ, ಒಣಗಿದೆ ಅಂದ. ನಾಲ್ಕನೆಯದಕ್ಕೆ ಬಂದು, "ಪಟ ಸ್ವಲ್ಪ ತೆಗೀರಿ," ಅಂದ.

"ದೀಪ ಹಚ್ಚೈತೆ ಸ್ವಾಮಿ. ಅಮ್ಮನ್ನ ಅಲ್ಲಾಡ್ಸಂಗಿಲ್ಲ."

ಆತ ನಿನ್ನ ಮುಖ ನೋಡಿದ. ನೀನು ಕೈ ಮುಗಿದೆ — "ಬ್ಯಾಡ್ರಿ ಸರ. ಅಕಿ ಬಂದು ಕುಂತಾಳ, ಎಬ್ಬಸಬ್ಯಾಡ್ರಿ." ಆತ ಚೀಲ ಕಟ್ಟಿಕೊಂಡು ಹೊರಟ. ನಾನು ಗೆದ್ದೆ ಅಂದುಕೊಂಡೆ.

ಮರುದಿನ ಬಾಗಿಲಲ್ಲಿ ನಿಂತು ನೋಡುತ್ತೇನೆ — ಅದುವರೆಗೆ ಬಾಗಿಲ ಹತ್ತಿರ ಹಾಸುತ್ತಿದ್ದ ಭಾಗ್ಯಳ ಹಾಸಿಗೆಯನ್ನು ನೀನು ಆ ಗೋಡೆಗೆ ಒತ್ತಿ ಹಾಸಿದ್ದೆ. "ಅಮ್ಮನ ಕಾಲಬುಡಕ ಮಲಗಸೀನ್ರಿ ಅಕ್ಕಾರ. ಅಕಿನ ಕಾಯ್ತಾಳ." ಅಲ್ಲಿ ಬೇಡ ಅಂತ ಒಂದು ಮಾತು — ಅಷ್ಟು ಸಾಕಿತ್ತು. ನಾನು ಹೇಳಿದ್ದು ಇಷ್ಟು: "ಒಳ್ಳೇದಾಯ್ತು ಬಿಡು."

ಮೂರು ವಾರಕ್ಕೆ ಮಗುವಿನ ತುಟಿ ನೀಲಿಯಾಯಿತು. ಆಟೋದಲ್ಲಿ ನಿನ್ನ ಜೊತೆ ಆಸ್ಪತ್ರೆಗೆ ನಾನೇ ಬಂದೆ. ಮನೆಯಲ್ಲಿ ಬೂಷ್ಟು ಇದೆಯಾ ಅಂತ ಡಾಕ್ಟರು ಕೇಳಿದರು. "ಇಲ್ರಿ, ಮೀಟರ್ ಹಚ್ಚಿ ತೋರಿಸೀವ್ರಿ," ಅಂದು ನೀನು ಸಾಕ್ಷಿಗೆ ನನ್ನ ಕಡೆ ತಿರುಗಿದೆ. ನಾನು ಹೌದೆಂದು ತಲೆ ಆಡಿಸಿದೆ. ಶರಣಮ್ಮ, ಡಾಕ್ಟರ ಎದುರೂ...

ಮಗು ಉಳಿಯಿತು. ನೀವು ಸರ್ಜಾಪುರಕ್ಕೆ ಹೋದಿರಿ. ಪಟ ಇಳಿಸಿದಾಗ ಹಿಂದಿನ ರಟ್ಟು ಪೂರ್ತಿ ಕರ್ರಗೆ ಕೊಳೆತಿತ್ತು. ಯಾರೂ ನೋಡದ ಹಾಗೆ ಅರಳಿಕಟ್ಟೆಯ ಬುಡದಲ್ಲಿ ಇಟ್ಟು ಬಂದೆ. ಆಮೇಲೆ ಗೋಡೆ ಒಡೆಸಿ ಪೈಪು ಸರಿ ಮಾಡಿಸಿದೆ. ಎರಡೇ ದಿನದ ಕೆಲಸ. ಬರೀ ಎರಡು ದಿನ.

ನೀನು ಪ್ರತಿ ದಸರೆಗೆ ಫೋನ್ ಮಾಡಿ ಕೇಳುತ್ತೀಯ, "ಅಮ್ಮಗ ದೀಪ ಹಚ್ಚೀರಿಲ್ರಿ ಅಕ್ಕಾರ?" ಪ್ರತಿ ಸಲವೂ ಹಚ್ಚಿದ್ದೇನೆ ಅನ್ನುತ್ತೇನೆ. ಹೋದ ಸಲ ನೀನು ಭಾಗ್ಯಳ ಕೈಗೆ ಫೋನ್ ಕೊಟ್ಟೆ. ಶಾಲೆಯಲ್ಲಿ ಖೊಖೊ ಆಡಲು ಬಿಡುವುದಿಲ್ಲ ಅಂದಳು. ಅಷ್ಟು ಹೇಳಲು ಎರಡು ಸಲ ನಿಂತು ಉಸಿರು ಎಳೆದುಕೊಂಡಳು.

ಭಾನುವಾರ ಸರ್ಜಾಪುರಕ್ಕೆ ಬರುತ್ತೇನೆ. ಈ ಕಾಗದವನ್ನು ಯಾರ ಕೈಯಲ್ಲೂ ಕಳಿಸುವುದಿಲ್ಲ, ನಾನೇ ಓದುತ್ತೇನೆ. ಹೊಸ್ತಿಲ ಆಚೆಯೇ ನಿಲ್ಲುತ್ತೇನೆ, ಒಳಗೆ ಕರೆಯುವುದು ಬಿಡುವುದು ನಿನಗೆ ಸೇರಿದ್ದು. ಬೈಯುವುದಿದ್ದರೆ ನನ್ನನ್ನು ಬೈಯಿ, ಎಲ್ಲಮ್ಮನ ತಪ್ಪು ಏನೂ ಇಲ್ಲ. ಭಾಗ್ಯಳಿಗೂ ಹೇಳು — ಅವಳ ಹಾಸಿಗೆಯನ್ನು ಆ ಗೋಡೆಗೆ ತಳ್ಳಿದವಳು ಅವ್ವನಲ್ಲ, ಈ ಅಜ್ಜಿ.