ಶೇವಂತೆವ್ವ ಹೊಲಿದ ಮೇಜಿನ ಹಾಸು

ಹಳೆ ಸೀರೆಗಳನ್ನು ಪದರವಾಗಿ ಜೋಡಿಸಿ ಹೊಲಿಯುವ ಕೌದಿಯ ಕೊನೆಯ ಅಂಚು ಮುಚ್ಚುವ ಮೊದಲು ಒಳಗೊಂದು ತುತ್ತು ರೊಟ್ಟಿ ಇಟ್ಟು ಹೊಲಿಯುತ್ತಾರೆ. ಹೊದೆಯುವ ಮನೆಯವರಿಗೆ ಅನ್ನದ ಕೊರತೆ ಬಾರದಿರಲಿ ಎಂಬ ಹಾರೈಕೆ ಅದು. ನಮ್ಮ ಭಾಗದಲ್ಲಿ ಕೌದಿ ಹೊದ್ದು ಬೆಳೆದವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಆದರೂ ಹೇಳಬೇಕಾಗಿ ಬಂದಿದೆ.

ಇಂಗಳೇಶ್ವರದ ಶೇವಂತೆವ್ವ ಕೌದಿ ಹೊಲಿಯಲು ಸೂಜಿ ಹಿಡಿದು ನಲವತ್ತು ವರ್ಷವಾಯಿತು. ಅಂಗಡಿಯ ಬ್ಲಾಂಕೆಟ್ ಬಂದ ಮೇಲೆ ಕರೆಯುವವರು ಕಡಿಮೆ. ಹಾಗಾಗಿ ಬಸವನ ಬಾಗೇವಾಡಿಯ ಭಾಗ್ಯಾ ಹೇಳಿ ಕಳಿಸಿದಾಗ ಮೊದಲ ಬಸ್ಸಿಗೇ ಹೊರಟಳು.

ಭಾಗ್ಯಾಳ ಮನೆಗೆ ಹೊಸ ಡೈನಿಂಗ್ ಟೇಬಲ್ ಬಂದಿತ್ತು. ಸೊಲ್ಲಾಪುರದಿಂದ ತಂದ ಹಾಸುಗಳಲ್ಲಿ ಒಂದು ಹೂವಿನದು, ಒಂದು ಚೌಕಳಿಯದು. ಕೈ ಒರೆಸುವ ನ್ಯಾಪ್ಕಿನ್ನುಗಳು ಮೂರು ಹಳದಿ, ಮೂರು ನೀಲಿ. ಯಾವುದೂ ಯಾವುದಕ್ಕೂ ಹೊಂದುತ್ತಿರಲಿಲ್ಲ.

“ನೋಡವ್ವಾ, ಎಲ್ಲಾ ಬ್ಯಾರೆ ಬ್ಯಾರೆ ಇರಬೇಕು, ಆದ್ರ ಒಂದ ಮನಿವು ಅನ್ನಿಸಬೇಕು. ಈಗ ಹಂಗ ಫ್ಯಾಶನ್ ಐತಿ,” ಅಂದಳು ಭಾಗ್ಯಾ, ಫೋನಿನಲ್ಲಿ ಚಿತ್ರ ತೋರಿಸುತ್ತ.

“ಸೊಸ್ತ್ಯಾರು ಇದ್ದಂಗ ಅನ್ರಿ,” ಅಂದಳು ಶೇವಂತೆವ್ವ. ಮೂಲೆಯಲ್ಲಿ ಕೂತಿದ್ದ ಅತ್ತೆ ಶಂಕ್ರೆವ್ವ ಕಿಸಕ್ಕನೆ ನಕ್ಕಳು.

ಪಡಸಾಲೆಯಲ್ಲಿ ಎಂಟು ದಿನ, ಅಡಿಗೊಂದು ಪದರ ಕೊಟ್ಟು, ಕೌದಿಯಂತೆಯೇ ಹೊಲಿದಳು. ಹೂವಿಗೂ ಚೌಕಳಿಗೂ ನಡುವೆ ಶಂಕ್ರೆವ್ವನ ಹಳೆ ಖಣದ ಕುಪ್ಪಸದಿಂದ ಬೆರಳಗಲದ ಪಟ್ಟಿ ಕೊಟ್ಟಳು. ಜಗಳಕ್ಕೆ ನಿಂತಂತಿದ್ದ ಎರಡೂ ಬಟ್ಟೆ ತೆಪ್ಪಗಾದವು. ಹಳದಿಗೂ ನೀಲಿಗೂ ಒಂದೇ ಇಳಕಲ್ ಸೀರೆಯ ಕೆಂಪು ಅಂಚು ಹಚ್ಚಿದಳು; ಆರೂ ಅಕ್ಕತಂಗಿಯರಾದವು. ಎಂಟೂ ದಿನ ಮಧ್ಯಾಹ್ನ ಹಿತ್ತಲ ಮೆಟ್ಟಿಲ ಮೇಲೆ ಕೂತು ತಾನು ತಂದ ಬುತ್ತಿಯನ್ನೇ ಉಂಡಳು. ಒಳಗೆ ಬಾ ಅಂದವರಿಲ್ಲ.

ಕೊನೆಯ ದಿನ ಕೇಳಿದಳು: “ಅಕ್ಕಾರ, ಒಂದ ತುತ್ತು ರೊಟ್ಟಿ ಕೊಡ್ರಿ. ಹಾಸು ಮುಗಸಾಕತ್ತೇನಿ.”

ಭಾಗ್ಯಾಳ ಕಿವಿಯಲ್ಲಿ ಫೋನಿತ್ತು. “ಇನ್ನೂ ಅಡಗಿ ಆಗಿಲ್ಲವ್ವಾ. ನಿನ್ನ ಗಂಟಿನ್ಯಾಗ ಇಲ್ಲೇನು?”

ಇತ್ತು. ತನ್ನ ಸಜ್ಜಿ ರೊಟ್ಟಿಯದೇ ಒಂದು ಚೂರು ಮುರಿದು ಒಳಗಿಟ್ಟಳು. ಶಂಕ್ರೆವ್ವ ನೋಡಿದಳು. “ಚಲೋ ಮಾಡಿದಿ ತಗೋ,” ಅಂದಳು.

ಹೊದೆಯುವ ಕೌದಿಯ ಮೇಲೆ ಸಾರು ಚೆಲ್ಲುವುದಿಲ್ಲ, ಮೇಜಿನ ಹಾಸಿನ ಮೇಲೆ ಚೆಲ್ಲುತ್ತದೆ. ಜನ್ಮವೆಲ್ಲ ನೆಲದ ಮೇಲೆ ಕೂತು ಉಂಡವಳಿಗೆ ಅದು ಹೊಳೆಯಲಿಲ್ಲ. ಅವಳ ತಪ್ಪು ಅಷ್ಟೇ.

ತಿಂಗಳೊಪ್ಪತ್ತಿನಲ್ಲಿ ಭಾಗ್ಯಾಳ ಮಗಳು ಸಾಕ್ಷಿಯನ್ನು ನೋಡಲು ನಿಡಗುಂದಿಯಿಂದ ಬೀಗರಾಗುವವರು ಬಂದರು. ಊಟದ ನಡುವೆ ಹಾಸಿನ ಮೂಲೆಗೆ ಇರುವೆ ಸಾಲುಗಟ್ಟಿದವು. ಗಂಡಿನ ಕಡೆಯ ಹಿರಿಯರೊಬ್ಬರು ಮೂಲೆ ಹಿಸುಕಿ, “ಏನೋ ಗಂಟ ಐತಿ, ಹರೀರಿ ಇದನ್ನ,” ಅಂದರು. ಹರಿದರೆ ಒಳಗೆ ಬೂಸಲು ಹಿಡಿದ ರೊಟ್ಟಿ ಚೂರು.

“ಯಾರಿಟ್ಟಾರ?” ಅಂದರು ಆ ಹಿರಿಯರು.

“ಹೊಲ್ಯಾಕ ಬಂದಾಕಿ...” ಅಂದಳು ಭಾಗ್ಯಾ.

“ಹಂಗಾದ್ರ ಮಾಟ!”

ಅಲ್ಲಿ ಹನ್ನೆರಡು ಜನರಿದ್ದರು. ಅಷ್ಟೂ ಜನರ ಮನೆಗಳಲ್ಲಿ ಕೌದಿ ಇವೆ. ಒಬ್ಬರೂ ತುಟಿ ಬಿಚ್ಚಲಿಲ್ಲ. ಶಂಕ್ರೆವ್ವ ತಾಟಿನಿಂದ ತಲೆ ಎತ್ತಲಿಲ್ಲ. ನಿಡಗುಂದಿಯವರು ಮತ್ತೆ ಮಾತು ಕಳಿಸಲಿಲ್ಲ.

ಮೂರನೆಯ ದಿನ ಭಾಗ್ಯಾ ಇಂಗಳೇಶ್ವರದಲ್ಲಿ, ಶೇವಂತೆವ್ವನ ಬಾಗಿಲ ಮುಂದೆ.

“ನನ್ನ ಮಗಳ ನಸೀಬಕ್ಕ ಏನ ಇಟ್ಟೀಯಲೇ?”

“ರೊಟ್ಟಿ ಇಟ್ಟೇನ್ರಿ. ನಿಮ್ಮ ಅತ್ತೀನ್ನ ಕೇಳ್ರಿ, ಅವರ ಮುಂದ ಇಟ್ಟೇನಿ.”

“ಕೇಳೇನಿ. ಅವ್ರಿಗೆ ಏನೂ ಗೊತ್ತಿಲ್ಲಂತ.”

ಓಣಿ ತುಂಬ ಜನ ನಿಂತು ನೋಡಿದರು.

ಈಗ ಬಾಗೇವಾಡಿಯಿಂದ ಮುದ್ದೇಬಿಹಾಳದ ತನಕ ಅವಳನ್ನು ಕರೆಯುವ ಮನೆಯಿಲ್ಲ. ಉಟ್ಟು ಬಿಟ್ಟ ಬಟ್ಟೆ ಆಕೆಯ ಕೈಗೆ ಕೊಡಬೇಡಿರೆಂದು ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಪಕ್ಕದ ಮನೆಯವರು ಅರ್ಧ ಹೊಲಿದ ತೊಟ್ಟಿಲ ಕೌದಿಯನ್ನು ಸೂಜಿ ಸಮೇತ ವಾಪಸು ಒಯ್ದರು.

ಶಂಕ್ರೆವ್ವ ಒಬ್ಬಳನ್ನೇ ಬೈದು ನೀವು ಕೈತೊಳೆದುಕೊಳ್ಳುವಂತಿಲ್ಲ. ಈ ಸುದ್ದಿಯನ್ನು ಬಸ್ಸಿನಲ್ಲಿ, ಗಿರಣಿಯಲ್ಲಿ ಕೇಳಿ ಹೂಂಗುಟ್ಟಿದವರಲ್ಲಿ ನೀವೂ ಇದ್ದೀರಿ. ಇನ್ನೊಮ್ಮೆ ಯಾರಾದರೂ ಮಾಟ ಅಂದರೆ ಅಲ್ಲೇ ತಡೆದು, ಹತ್ತು ಮಂದಿಗೆ ಕೇಳುವಂತೆ, ಸುಳ್ಳು ಅನ್ನಿ. ಆಮೇಲೆ ಕೌದಿಗೆಂದು ನಿಮ್ಮ ಟ್ರಂಕಿನ ಹಳೆ ಸೀರೆಗಳನ್ನು ಗಂಟು ಕಟ್ಟಿಕೊಂಡು ಇಂಗಳೇಶ್ವರದ ಬಸ್ಸು ಹತ್ತಿ. ನಾಳೆ ಅಲ್ಲ, ಇವತ್ತೇ.